ಹಳೆಯ ಗುಮಾಸ್ತ, ಹೊಸ ತಂತ್ರಾಂಶ: ಕಲಿಸುವ ಹೊಣೆ ಯಾರದು?



ಬದಲಾಗುತ್ತಿರುವ ತಂತ್ರಜ್ಞಾನ ಮತ್ತು ನಮ್ಮ ನೌಕರವರ್ಗ ಎಂಬ ವಿಷಯವನ್ನು ಕುರಿತು ಮಾತನಾಡಲು ಸಂಘಟಕರು ಸೂಚಿಸಿದ್ದಾರೆ. ವಿಷಯ ವಿಶಾಲವಾದುದು. ನಾನು ಅದನ್ನು ನನಗೆ ಪರಿಚಿತವಾದ ಲೆಕ್ಕದ ಮೇಜಿಗೆ ಸೀಮಿತಗೊಳಿಸುತ್ತೇನೆ. ಈ ಸಭೆಯಲ್ಲಿ ಅಂಗಡಿ, ಕಾರ್ಖಾನೆಗಳ ಮಾಲೀಕರಿದ್ದಾರೆ. ಅಂತಹ ಅಂಗಡಿಗಳ ಲೆಕ್ಕ ಬರೆಯುತ್ತ ಇಪ್ಪತ್ತು, ಮೂವತ್ತು ವರ್ಷ ಸಂಸಾರ ಸಾಗಿಸಿದವರೂ ಇದ್ದಾರೆ. ನನ್ನ ಮಾತು ಇಬ್ಬರಿಗೂ ಸೇರಿದ್ದು.

ಮೊದಲು ಬದಲಾವಣೆಯ ವೇಗವನ್ನು ಗಮನಿಸೋಣ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2020ರ ಅಕ್ಟೋಬರ್ 1ರಿಂದ ಇ-ಇನ್‌ವಾಯ್ಸ್ ಪದ್ಧತಿ ಆರಂಭವಾಯಿತು. ಆಗ ಅದು 500 ಕೋಟಿ ರೂಪಾಯಿಗೂ ಹೆಚ್ಚು ವಹಿವಾಟು ಉಳ್ಳ ದೊಡ್ಡ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2023ರ ಆಗಸ್ಟ್ 1ರ ಹೊತ್ತಿಗೆ ಆ ಮಿತಿ 5 ಕೋಟಿಗೆ ಇಳಿದಿತ್ತು. ಅಂದರೆ ಮೂರು ವರ್ಷ ತುಂಬುವುದರೊಳಗೆ ಬಹುರಾಷ್ಟ್ರೀಯ ಕಂಪನಿಯ ನಿಯಮ ನಮ್ಮ ಸಗಟು ಅಂಗಡಿಯ ಬಾಗಿಲಿಗೆ ಬಂದು ನಿಂತಿತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ದಾಖಲೆಯನ್ನೂ ಉಳಿಸಿಕೊಳ್ಳಬೇಕೆಂಬ ನಿಯಮ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ದರಗಳು ಬದಲಾದವು. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ. ಕಿರ್ದಿ, ಖತಾವಣಿ ಬರೆದು ಪಳಗಿದ ಕೈಗಳು ಹತ್ತು ವರ್ಷಗಳೊಳಗೆ ಇಷ್ಟನ್ನೂ ಎದುರಿಸಿವೆ.

ಈ ಬದಲಾವಣೆಗಳು ಕೆಲಸದ ಸ್ವರೂಪವನ್ನೇ ಮಾರ್ಪಡಿಸಿವೆ. ಹಿಂದೆ ಬಿಲ್ಲು ತಪ್ಪಾದರೆ ಅದನ್ನು ಹೊಡೆದುಹಾಕಿ ಬೇರೊಂದು ಬರೆಯುತ್ತಿದ್ದೆವು. ಇಂದು ಪೋರ್ಟಲ್ಲಿನಲ್ಲಿ ನೋಂದಾಯಿಸಿದ ಇ-ಇನ್‌ವಾಯ್ಸನ್ನು ಅಲ್ಲಿ ರದ್ದುಪಡಿಸಲು 24 ಗಂಟೆಗಳ ಅವಕಾಶವಷ್ಟೇ ಇದೆ. ಹಿಂದೆ ಖರೀದಿಯ ಬಿಲ್ಲು ಕೈಯಲ್ಲಿದ್ದರೆ ಸಾಕಿತ್ತು. 2022ರ ಜನವರಿ 1ರಿಂದ, ಮಾರಿದವನು ತನ್ನ ರಿಟರ್ನಿನಲ್ಲಿ ಆ ಬಿಲ್ಲನ್ನು ತೋರಿಸಿ, ಅದು ನಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಮಾತ್ರ ಖರೀದಿಯ ಮೇಲೆ ಕೊಟ್ಟ ತೆರಿಗೆ ನಮಗೆ ಜಮೆಯಾಗುತ್ತದೆ. ಶೇಕಡಾ 18ರ ದರದ ಒಂದು ಲಕ್ಷ ರೂಪಾಯಿಯ ಖರೀದಿಯಲ್ಲಿ ಒಂದೇ ಒಂದು ಬಿಲ್ಲು ಪಟ್ಟಿಯಿಂದ ತಪ್ಪಿದರೆ, 18,000 ರೂಪಾಯಿ ನಮ್ಮ ಕೈಯಿಂದ ಹೊರಗೆ ಉಳಿಯುತ್ತದೆ. ಗುಮಾಸ್ತನ ಮುಖ್ಯ ಕೆಲಸ ಈಗ ಬರೆಯುವುದಲ್ಲ, ತಾಳೆ ನೋಡುವುದು.

ಹೀಗಿರುವಾಗ ಅನೇಕ ಮಾಲೀಕರಿಗೆ ಸುಲಭವಾಗಿ ತೋರುವ ಪರಿಹಾರವೆಂದರೆ ಹಳಬರನ್ನು ಕಳುಹಿಸಿ ಕಂಪ್ಯೂಟರ್ ಬಲ್ಲ ಹೊಸಬರನ್ನು ತರುವುದು. ಲೆಕ್ಕದ ದೃಷ್ಟಿಯಿಂದಲೇ ಇದನ್ನು ಪರಿಶೀಲಿಸೋಣ. ನಾನು ಬಲ್ಲ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ಹೀಗೆಯೇ ನಡೆಯಿತು. ಹೊಸದಾಗಿ ಬಂದ ಯುವಕ ತಂತ್ರಾಂಶದಲ್ಲಿ ನಿಪುಣನೇ ಆಗಿದ್ದ. ತಾಳೆಯಾಗದ ಬಿಲ್ಲುಗಳ ಪಟ್ಟಿಯನ್ನು ಹತ್ತು ನಿಮಿಷದಲ್ಲಿ ತೆಗೆದುಕೊಟ್ಟ. ಆದರೆ ಯಾವ ಸರಬರಾಜುದಾರನು ರಿಟರ್ನನ್ನು ಸದಾ ತಡವಾಗಿ ಸಲ್ಲಿಸುತ್ತಾನೆ, ಯಾರಿಗೆ ಹಣ ತಡೆದರೆ ಕೆಲಸವಾಗುತ್ತದೆ, ಯಾರಿಗೆ ಒಂದು ಫೋನು ಸಾಕು, ಯಾವ ಗಿರಾಕಿ ದೀಪಾವಳಿಯ ಮುನ್ನ ಬಾಕಿ ತೀರಿಸುತ್ತಾನೆ ಎಂಬುದು ಆತನಿಗೆ ತಿಳಿಯದು. ಅದು ಯಾವ ಕಡತದಲ್ಲಿಯೂ ಇರಲಿಲ್ಲ; ಮನೆಗೆ ಕಳುಹಿಸಿದ ಗುಮಾಸ್ತರ ತಲೆಯಲ್ಲಿತ್ತು. ಆ ವರ್ಷ ಬಾಕಿಯ ವಸೂಲಿ ತಿಂಗಳುಗಟ್ಟಲೆ ಹಿಂದೆ ಬಿದ್ದಿತು. ತಂತ್ರಾಂಶ ತಪ್ಪು ಎಲ್ಲಿದೆ ಎಂದು ತೋರಿಸಬಲ್ಲದು. ಅದನ್ನು ಯಾರ ಬಳಿ ಹೇಗೆ ಸರಿಪಡಿಸಬೇಕೆಂಬುದನ್ನು ಅನುಭವವೇ ಹೇಳಬೇಕು. ಅನುಭವವಿರುವವರಿಗೆ ತಂತ್ರಾಂಶವನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ತಂತ್ರಾಂಶ ಬಲ್ಲವರಿಗೆ ಇಪ್ಪತ್ತು ವರ್ಷಗಳ ಅನುಭವವನ್ನು ಕಲಿಸಲು ಇಪ್ಪತ್ತು ವರ್ಷಗಳೇ ಬೇಕು.

ಹಾಗಾದರೆ ಕಲಿಸುವುದು ಹೇಗೆ? ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ನಿವೇದಿಸುತ್ತೇನೆ.

ಮೊದಲನೆಯದಾಗಿ, ಕಲಿಕೆ ಕೆಲಸದ ವೇಳೆಯಲ್ಲಿಯೇ ನಡೆಯಬೇಕು. ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚಿ ಲೋಕಲ್ ರೈಲು ಹಿಡಿಯುವ ಐವತ್ತರ ಗೃಹಸ್ಥನಿಗೆ ‘ಮನೆಯಲ್ಲಿ ಯೂಟ್ಯೂಬ್ ನೋಡಿ ಕಲಿ’ ಎನ್ನುವುದು ಕಲಿಸುವ ಕ್ರಮವಲ್ಲ, ಕೈತೊಳೆದುಕೊಳ್ಳುವ ಕ್ರಮ. ತಿಂಗಳ 7ರಂದು ಟಿಡಿಎಸ್, 11ರಂದು ಜಿಎಸ್‌ಟಿಆರ್-1, 20ರಂದು 3ಬಿ ಎಂಬ ಗಡುವುಗಳಿವೆ. ಆದುದರಿಂದ 21ರ ನಂತರದ ವಾರದಲ್ಲಿ ದಿನಕ್ಕೆ ಒಂದು ಗಂಟೆಯನ್ನು ಮೀಸಲಿಡಿರಿ.

ಎರಡನೆಯದಾಗಿ, ಯಾವ ಗುಂಡಿ ಒತ್ತಬೇಕೆಂಬುದಕ್ಕಿಂತ ಏಕೆ ಒತ್ತಬೇಕೆಂಬುದನ್ನು ಮೊದಲು ಹೇಳಬೇಕು. ಪರದೆಯ ರೂಪ ಮುಂದಿನ ವರ್ಷ ಬದಲಾದೀತು. ಜಮೆ ಮತ್ತು ಖರ್ಚಿನ ತತ್ತ್ವ ಬದಲಾಗದು. ಆ ತತ್ತ್ವವನ್ನು ಹಳಬರು ನಮಗಿಂತ ಚೆನ್ನಾಗಿ ಬಲ್ಲರು. ಅವರಿಗೆ ತಿಳಿದಿರುವುದರಿಂದಲೇ ಪಾಠವನ್ನು ಆರಂಭಿಸಬೇಕು. ಪೋರ್ಟಲ್ಲು ಇಂಗ್ಲಿಷಿನಲ್ಲಿ ಇರಬಹುದು, ಪೇಟೆಯ ಮಾತು ಮರಾಠಿಯೋ ಹಿಂದಿಯೋ ಇರಬಹುದು. ಆದರೆ ನಮ್ಮವರಿಗೆ ವಿವರಣೆ ಕನ್ನಡದಲ್ಲಿ ಸಿಕ್ಕರೆ ಅರ್ಧ ಅಂಜಿಕೆ ಅಲ್ಲಿಯೇ ಕಳೆಯುತ್ತದೆ.

ಮೂರನೆಯದಾಗಿ, ಪ್ರತಿಯೊಬ್ಬರಿಗೂ ಅವರದೇ ಆದ ಲಾಗಿನ್ ಕೊಡಬೇಕು. ಮಾಲೀಕರ ಮಗನ ಪಾಸ್‌ವರ್ಡಿನಲ್ಲಿ ಎಲ್ಲರೂ ಕೆಲಸ ಮಾಡುವ ಪದ್ಧತಿ ನಮ್ಮಲ್ಲಿ ಬಹಳ. ತಿದ್ದುಪಡಿಗಳೆಲ್ಲ ದಾಖಲಾಗುವ ಈ ಕಾಲದಲ್ಲಿ ಯಾರೋ ಮಾಡಿದ ತಪ್ಪು ಇನ್ನಾರದೋ ಹೆಸರಿಗೆ ಅಂಟಿಕೊಳ್ಳುತ್ತದೆ. ತನ್ನ ಹೆಸರಿನಲ್ಲಿ ಕೆಲಸ ಮಾಡುವವನು ಎಚ್ಚರದಿಂದಲೂ ಅಭಿಮಾನದಿಂದಲೂ ಕಲಿಯುತ್ತಾನೆ.

ನಾಲ್ಕನೆಯದಾಗಿ, ಹಿರಿಯನಿಗೂ ಕಿರಿಯನಿಗೂ ಜೋಡಿ ಮಾಡಿರಿ. ಮಗನ ವಯಸ್ಸಿನವನನ್ನು ‘ಇದು ಹೇಗಪ್ಪಾ?’ ಎಂದು ಕೇಳಲು ಹಿರಿಯರಿಗೆ ಸಂಕೋಚವಾಗುವುದು ಸಹಜ. ವಸೂಲಿಯ ವಿದ್ಯೆಯನ್ನು ಹಿರಿಯನೂ ಕಂಪ್ಯೂಟರಿನ ವಿದ್ಯೆಯನ್ನು ಕಿರಿಯನೂ ಪರಸ್ಪರ ಕಲಿಸುವಂತಾದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಮಾಲೀಕರೂ ಅಲ್ಲಿ ಕುಳಿತು ಕಲಿತರೆ ಇನ್ನೂ ಒಳಿತು.

‘ಕಲಿತ ಮೇಲೆ ಬಿಟ್ಟುಹೋದರೆ?’ ಎಂದು ಕೆಲವರು ಕೇಳುತ್ತಾರೆ. ಕಲಿತದ್ದು ಸಂಬಳದಲ್ಲಿ ಕಾಣಿಸಿದರೆ ಹೆಚ್ಚಿನವರು ಉಳಿಯುತ್ತಾರೆ. ಕಾಣಿಸದಿದ್ದರೆ ಹೋಗುವುದು ಅವರ ಹಕ್ಕು.

ಸರ್ಕಾರದ ನೀತಿಯ ಬಗೆಗೂ ಎರಡು ಮಾತು ಹೇಳಲೇಬೇಕು. ಆದಾಯ ತೆರಿಗೆಯ ಹಳೆಯ ಕಾಯ್ದೆಯ 80ಜೆಜೆಎಎ ಕಲಮು, ಷರತ್ತುಗಳಿಗೆ ಒಳಪಟ್ಟು, ಹೊಸದಾಗಿ ಸೇರಿದ ನೌಕರರ ಸಂಬಳದ ವೆಚ್ಚದ ಶೇಕಡಾ 30ರಷ್ಟನ್ನು ಮೂರು ವರ್ಷ ಹೆಚ್ಚುವರಿಯಾಗಿ ಕಳೆಯಲು ಅವಕಾಶ ಕೊಟ್ಟಿತು. ಹೊಸ ಕಾಯ್ದೆಯೂ ಅದನ್ನು ಮುಂದುವರಿಸಿದೆ. ಉದ್ಯೋಗ ಸೃಷ್ಟಿಗೆ ಇದು ಸ್ವಾಗತಾರ್ಹವೇ. ಆದರೆ ಇರುವ ನೌಕರನಿಗೆ ಕಲಿಸಿ ಉಳಿಸಿಕೊಂಡ ಸಣ್ಣ ಅಂಗಡಿಗೆ ಇಂತಹ ಹೆಚ್ಚುವರಿ ಸವಲತ್ತಿಲ್ಲ. ತರಬೇತಿಯ ಖರ್ಚು ಎಲ್ಲ ಖರ್ಚಿನೊಡನೆ ಒಂದಾಗುತ್ತದೆ, ಅಷ್ಟೇ. ನಿಯಮಗಳನ್ನು ವರ್ಷವರ್ಷವೂ ಬದಲಿಸುವ ಸರ್ಕಾರ ಅವುಗಳನ್ನು ಕಲಿಯುವ ಖರ್ಚಿನಲ್ಲಿಯೂ ಪಾಲು ವಹಿಸಬೇಕೆಂದು ನಮ್ಮ ವ್ಯಾಪಾರಿ ಸಂಘಗಳು ಕೇಳಬೇಕು.

ಸರ್ಕಾರವನ್ನು ಕೇಳುವ ನಾವು ನಮ್ಮನ್ನೂ ಕೇಳಿಕೊಳ್ಳೋಣ. ವೃತ್ತಿಯಲ್ಲಿರುವ ನನ್ನಂತಹ ಚಾರ್ಟರ್ಡ್ ಅಕೌಂಟೆಂಟುಗಳು ಮೂರು ವರ್ಷಗಳಲ್ಲಿ 120 ಗಂಟೆಗಳ ಕಲಿಕೆಯನ್ನು ಪೂರೈಸಬೇಕೆಂದು ನಮ್ಮ ಇನ್‌ಸ್ಟಿಟ್ಯೂಟ್ ವಿಧಿಸಿದೆ. ಲೆಕ್ಕಕ್ಕೆ ಸಹಿ ಹಾಕುವವರಿಗೆ ಇಷ್ಟು ಕಲಿಕೆ ಅಗತ್ಯವಾದರೆ, ಆ ಲೆಕ್ಕವನ್ನು ಬರೆಯುವವರಿಗೆ ನಾವು ಎಷ್ಟು ಗಂಟೆ ಕೊಟ್ಟಿದ್ದೇವೆ? ನಮ್ಮ ಸಮಾಜದ ನಿಧಿಗಳು ವಿದ್ಯಾರ್ಥಿವೇತನ ಕೊಡುತ್ತವೆ. ಅದು ನಮ್ಮ ಹೆಮ್ಮೆ. ಆದರೆ ನಲವತ್ತೆಂಟರಲ್ಲಿ ಕೆಲಸ ಕಳೆದುಕೊಂಡ ತಂದೆಯ ಮಗನಿಗೆ ವಿದ್ಯಾರ್ಥಿವೇತನ ಕೊಡುವುದಕ್ಕಿಂತ, ಆ ತಂದೆ ಕೆಲಸ ಕಳೆದುಕೊಳ್ಳದಂತೆ ಕಲಿಸುವುದು ಕಡಿಮೆ ಖರ್ಚಿನದು ಮತ್ತು ಹೆಚ್ಚು ಗೌರವದ್ದು. ಆ ನಿಧಿಯ ಒಂದು ಭಾಗವನ್ನು ದುಡಿಯುವ ವಯಸ್ಕರಿಗಾಗಿ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಸೇರಬಯಸುವ ನಮ್ಮ ಸೋದರಿಯರಿಗಾಗಿ ತೆಗೆದಿಡಬೇಕೆಂದು ಈ ಸಭೆಯ ಮುಂದೆ ಪ್ರಸ್ತಾಪಿಸುತ್ತೇನೆ. ತಿಂಗಳಿಗೊಂದು ಭಾನುವಾರ ಕನ್ನಡದಲ್ಲಿ ಪಾಠ ಹೇಳಲು ನಾನು ಸಿದ್ಧ. ಮಾಲೀಕರು ಆ ದಿನದ ಬದಲಿ ರಜೆಯನ್ನು ಕೊಟ್ಟರೆ ಸಾಕು.