ಗಾಳಿಮರದ ಪೊಟ್ಟಣ

ಕೋಟೇಶ್ವರದ ಕೋಟಿಲಿಂಗೇಶ್ವರನ ರಥೋತ್ಸವಕ್ಕೆ ನಮ್ಮ ಕಡೆ ಕೊಡಿ ಹಬ್ಬವೆಂದು ಹೆಸರು. ಹೊಸ ದಂಪತಿಗಳು ಅಲ್ಲಿಂದ ಕಬ್ಬಿನ ಕೊಡಿಯನ್ನು ಮನೆಗೆ ತರುವರು. ಮಕ್ಕಳಾಗಿದ್ದ ನಮಗೆ ಮಾತ್ರ ಅದು ಹುರಿದ ನೆಲಗಡಲೆಯ ಹಬ್ಬ. ಅಂಗಡಿಯವನು ಹಳೆಯ ಕಾಗದವನ್ನು ಕೈಯಲ್ಲಿ ಸುತ್ತಿ, ತುದಿಯನ್ನು ಮಡಿಚಿ, ನೋಡನೋಡುತ್ತಿದ್ದಂತೆ ಪೊಟ್ಟಣ ಮಾಡಿಬಿಡುತ್ತಿದ್ದ. ಕಡಲೆ ಮುಗಿದೊಡನೆ ಕಾಗದ ರಥಬೀದಿಯ ಧೂಳನ್ನು ಸೇರುತ್ತಿತ್ತು. ಆ ಪೊಟ್ಟಣಕ್ಕೆ ಇನ್ನೊಂದು ಬಾಳೂ ಉಂಟೆಂದು ನನಗೆ ತೋರಿಸಿಕೊಟ್ಟವರು ಕುಂದಾಪುರದಲ್ಲಿ ನಮ್ಮ ನೆರೆಮನೆಯಲ್ಲಿದ್ದ ಬಾಯಮ್ಮ.

ಕ್ರಿಸ್‌ಮಸ್ ನಮ್ಮ ಸೀಮೆಗೆ ಹೊಸತಲ್ಲ. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿ 1570ರಷ್ಟು ಹಳೆಯದು. ಬ್ರಹ್ಮಾವರದಲ್ಲಿ ಕೊಂಕಣಿಯಾಡುವ ಸಿರಿಯನ್ ಆರ್ಥೊಡಾಕ್ಸ್ ಕ್ರೈಸ್ತರೂ ಇದ್ದಾರೆ. ಅಂಗಳದಲ್ಲಿ ಗೋದಲಿ, ಮಾಡಿನ ಅಂಚಿನಲ್ಲಿ ನಕ್ಷತ್ರದ ಗೂಡು, ನೆರೆಮನೆಗಳಿಗೆ ಕುಸ್ವಾರದ ತಟ್ಟೆ. ಇವು ಡಿಸೆಂಬರಿನ ಗುರುತುಗಳು. ಮರವೆಂದರೆ ನಮ್ಮಲ್ಲಿ ಮರವಂತೆ, ಬೈಂದೂರುಗಳ ಮರಳುದಂಡೆಯಲ್ಲಿ ಬೆಳೆಯುವ ಗಾಳಿಮರದ ಗೆಲ್ಲು.

ಆ ಗೆಲ್ಲಿಗೆ ಬಾಯಮ್ಮ ಪೊಟ್ಟಣಗಳನ್ನು ತೂಗಹಾಕುತ್ತಿದ್ದರು. ಅವರ ಲೆಕ್ಕ ಸರಳವಾದುದು. ನಾಲ್ಕು ಅಂಗುಲ ತ್ರಿಜ್ಯದ ಅರ್ಧವೃತ್ತವನ್ನು ಸುತ್ತಿದರೆ ಬಾಯಿ ಸುಮಾರು ನಾಲ್ಕು ಅಂಗುಲ ಅಗಲವಾಗಿ ಪೊಟ್ಟಣ ಕುಳ್ಳಾಗುತ್ತದೆ; ಅದೇ ತ್ರಿಜ್ಯದ ಕಾಲುವೃತ್ತವನ್ನು ಸುತ್ತಿದರೆ ಬಾಯಿ ಎರಡೇ ಅಂಗುಲವಾಗಿ ಪೊಟ್ಟಣ ನೀಳವಾಗುತ್ತದೆ. ಅಂಟಿಗೆ ಮೈದಾ ಹಿಟ್ಟಿನ ಗಂಜಿ. ಬಾಯಿಯ ಸುತ್ತ ಕತ್ತರಿಯಿಂದ ಕತ್ತರಿಸಿದ ಸಣ್ಣ ಸಣ್ಣ ಹಲ್ಲುಗಳು, ಅವುಗಳ ಕೆಳಗೆ ಯಕ್ಷಗಾನದ ಆಭರಣಗಳಿಗೆ ಅಂಟಿಸುವಂಥ ಬೇಗಡೆಯ ಒಂದು ಪಟ್ಟಿ. ಹಿಡಿಕೆಗೆ ದಾರ.

ಈ ಅಲಂಕಾರ ಬಾಯಮ್ಮನವರದೇ ಕಲ್ಪನೆಯೆಂದು ನಾನು ಬಹುಕಾಲ ನಂಬಿದ್ದೆ. ಯುರೋಪಿನ ಮನೆಗಳಲ್ಲಿ ಮಿಠಾಯಿ ತುಂಬಿದ ಕಾಗದದ ಪೊಟ್ಟಣಗಳನ್ನು ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಹಳೆಯ ವಾಡಿಕೆ ಇದೆಯೆಂದು ತಿಳಿದದ್ದು ಆಮೇಲೆ. ಡೆನ್ಮಾರ್ಕಿನಲ್ಲಿ ಅದಕ್ಕೆ ಕ್ರೆಮ್ಮರ್‌ಹೂಸ್ ಎನ್ನುತ್ತಾರೆ; ಬಿಡಿಸಿ ಹೇಳಿದರೆ, ವ್ಯಾಪಾರಿಯ ಮನೆ. ಅಲ್ಲಿಯೂ ಅದು ಮೊದಲಿಗೆ ಅಂಗಡಿಯ ಪೊಟ್ಟಣವೇ! ಕಡಲಾಚೆಯ ಆ ವ್ಯಾಪಾರಿಯೂ ಕೊಡಿ ಹಬ್ಬದ ನಮ್ಮ ಕಡಲೆಯವನೂ ಒಂದೇ ಕಸುಬಿನವರೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಎಂಟು ವರ್ಷದ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತು? ಪೇಟೆಯ ಸಿರಿವಂತರ ಮನೆಯಲ್ಲಿ ಗಾಜಿನ ಗುಂಡುಗಳನ್ನು ಕಂಡು ಬಂದಿದ್ದ ನಾನು ಬಾಯಮ್ಮನ ಮರವನ್ನು ನೋಡಿ ನಕ್ಕೆ. ಅವರು ಸಿಟ್ಟಾಗಲಿಲ್ಲ.

“ಎಂತಕ್ಕೆ ನೆಗಾಡ್ತೆ ಮಾಣಿ? ಒಳ್ಗೆ ಕೈ ಹಾಕಿ ಕಾಣ್” ಎಂದು ಒಂದು ಪೊಟ್ಟಣವನ್ನು ಬಿಚ್ಚಿ ಕೊಟ್ಟರು.

ಒಳಗೆ ಕಿಡಿಯೊ ಇತ್ತು. ತಿಂದು ಮುಗಿಸಿ, ಅಂಟಿಕೊಂಡ ಸಕ್ಕರೆಯ ಆಸೆಗೆ ಕಾಗದವನ್ನು ಬಿಡಿಸಿದೆ. ಕಂಡದ್ದು ನನ್ನದೇ ಕೈಬರಹ! ಅಮ್ಮ ತೂಕಕ್ಕೆ ಹಾಕಿದ್ದ ನನ್ನ ಲೆಕ್ಕದ ಪುಸ್ತಕದ ಹಾಳೆ ಅಂಗಡಿಯನ್ನು ಹೊಕ್ಕು, ಬೇಳೆಯನ್ನೋ ಬೆಲ್ಲವನ್ನೋ ಹೊತ್ತು ಬಾಯಮ್ಮನ ಮನೆ ಸೇರಿತ್ತು. ಒಂದು ಮಗ್ಗುಲಲ್ಲಿ ಸರಿಯಾದ ಲೆಕ್ಕಗಳು, ಇನ್ನೊಂದರಲ್ಲಿ ಮೇಷ್ಟರ ಕೆಂಪು ಶಾಯಿಯ ಅಡ್ಡಗೀಟುಗಳು. ಕೆಂಪುಗೀಟುಗಳ ಮಗ್ಗುಲು ಒಳಗೆ ಹೋಗುವಂತೆ ಅವರು ಹಾಳೆಯನ್ನು ಸುತ್ತಿದ್ದರು. ನಾನು ತಲೆಯೆತ್ತಿ ನೋಡಿದೆ. ಅವರು ಬೇರೊಂದು ಪೊಟ್ಟಣಕ್ಕೆ ದಾರ ಕಟ್ಟುವುದರಲ್ಲಿ ಮಗ್ನರಾಗಿದ್ದರು.

ಈಗ ಪ್ಲಾಸ್ಟಿಕ್ಕಿನ ಮರಗಳೂ ಮಿನುಗುವ ಗುಂಡುಗಳೂ ಎಲ್ಲ ಪೇಟೆಗಳಲ್ಲಿಯೂ ದೊರೆಯುತ್ತವೆ. ಅವು ಚೆಲುವಾಗಿಲ್ಲವೆಂದು ನಾನು ಹೇಳಲಾರೆ. ಆದರೆ ಗುಂಡಿಗೆ ಬಾಯಿಲ್ಲ. ಅದನ್ನು ನೋಡಬಹುದು, ಅದರಿಂದ ಏನನ್ನೂ ಪಡೆಯಲಾಗದು. ಪೊಟ್ಟಣವಾದರೋ ಬಂದ ಮಗುವಿಗೆ ತನ್ನನ್ನು ಬರಿದು ಮಾಡಿಕೊಂಡೇ ಹಬ್ಬವನ್ನು ಮುಗಿಸುತ್ತದೆ.

ಬಾಯಮ್ಮ ಇಂದಿಲ್ಲ, ಆ ಮನೆಗೆ ಬೀಗ ಬಿದ್ದಿದೆ. ಡಿಸೆಂಬರ್ ಬಂದಾಗ ನಾನು ಮೊಮ್ಮಗಳ ಹಳೆಯ ಪುಸ್ತಕದ ಹಾಳೆಗಳನ್ನು ತೆಗೆದು, ಅರ್ಧವೃತ್ತಗಳನ್ನು ಕತ್ತರಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುತ್ತುತ್ತೇನೆ. ಸುತ್ತುವ ಮುನ್ನ ಪ್ರತಿಯೊಂದು ಹಾಳೆಯನ್ನೂ ತಿರುವಿ ನೋಡುತ್ತೇನೆ, ಕೆಂಪು ಶಾಯಿ ಯಾವ ಮಗ್ಗುಲಿಗಿದೆಯೆಂದು.