ದಂಡಿನ ಉದ್ಯೋಗ
(ಅಣ್ಣಿಗೇರಿಯಲ್ಲಿ ಶಿಕ್ಷಕರ ಮುಂದೆ ಮಾಡಿದ ಭಾಷಣ)



ಈ ಊರಿನಿಂದ ದಂಡಿಗೆ ಸೇರಿ 17 ವರ್ಷ ದುಡಿದು ಮರಳಿದವರು ನಾವು. ತರುಣರು ನಮ್ಮನ್ನು ಕೇಳುವುದೆಲ್ಲ ಓಟದ ಮಾತು, ಎದೆಯಳತೆಯ ಮಾತು. ದೇಹಬಲವು ದಂಡಿನ ಬಾಗಿಲನ್ನು ತೆರೆಯುವುದು ನಿಜ. ಒಳಗೆ ಮೇಲೇರಿಸುವುದು ಮಾತ್ರ ವಿದ್ಯೆ. ಎರೆಹೊಲದಲ್ಲಿ ಬೆಳೆದ ನಮಗೆ ಓಟವು ಕಷ್ಟವೆನಿಸಲಿಲ್ಲ. ಹಿಂದಿಯ ಅಪ್ಪಣೆ ತಿಳಿಯದೆ ಪಕ್ಕದವನನ್ನು ನೋಡಿ ಹೆಜ್ಜೆಯಿಡಬೇಕಾಯಿತು. ರಾತ್ರಿ ಕುಳಿತು ಆ ಭಾಷೆಯನ್ನು ಕಲಿತೆವು. ನಕಾಶೆ ಓದುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೇ ನಮ್ಮ ತೋಳಿಗೆ ನಾಯಕನ ಪಟ್ಟಿ ಬಂದಿತು.

ಈ ಉದ್ಯೋಗದ ಬೆಲೆಯನ್ನೂ ಹುಡುಗರಿಗೆ ಮರೆಮಾಚಬಾರದು. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರು 2002ರಲ್ಲಿ ದಂಡಿಗೆ ಸೇರಿದರು. ಸೇವೆಯ ಹೆಚ್ಚಿನ ಕಾಲವನ್ನು ಕಠಿಣ ಠಾಣೆಗಳಲ್ಲಿಯೇ ಕಳೆದರು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ದಲ್ಲಿ ಹಿಮ ಕುಸಿದು, ಅದರಡಿಯಲ್ಲಿ ಆರು ದಿನ ಹುದುಗಿದ್ದು ಜೀವಂತ ದೊರೆತರು. 11ನೆಯ ತಾರೀಖಿಗೆ ದಿಲ್ಲಿಯಲ್ಲಿ ಕೊನೆಯುಸಿರೆಳೆದರು.

ಇಷ್ಟನ್ನು ತಿಳಿದೂ ಹೋಗಬಯಸುವವನಿಗೆ 2022ರ ಅಗ್ನಿಪಥ ಯೋಜನೆಯು ಗೊತ್ತುಪಡಿಸಿದ ಅವಧಿ ನಾಲ್ಕೇ ವರ್ಷ. ಆಮೇಲೆ ದಂಡಿನಲ್ಲಿ ಉಳಿಯುವವರು ಹೆಚ್ಚೆಂದರೆ ನೂರಕ್ಕೆ 25. ಮಿಕ್ಕವರಿಗೆ ನಮಗೆ ದೊರೆತ ನಿವೃತ್ತಿವೇತನವಿಲ್ಲ. ಕೈಯಲ್ಲಿ ವಿದ್ಯೆಯಿಲ್ಲದಿದ್ದರೆ ಅವರು ತುಂಬು ತಾರುಣ್ಯದಲ್ಲಿಯೇ ಕೆಲಸ ಹುಡುಕುತ್ತ ಅಲೆಯಬೇಕಾದೀತು.

ಆದುದರಿಂದ ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ಪ್ರವೇಶ ಪರೀಕ್ಷೆಯು 2025ರಲ್ಲಿ ಕನ್ನಡದಲ್ಲಿಯೂ ನಡೆಯಿತು. ಭಾಷೆಯ ಅಡ್ಡಿ ಅಷ್ಟರಮಟ್ಟಿಗೆ ತೊಲಗಿತು. ಗಣಿತವನ್ನೂ ವಿಜ್ಞಾನವನ್ನೂ ಗಟ್ಟಿಮಾಡಿಸಿರಿ. ಹಿಂದಿಯನ್ನು ಮಾತಾಡುವಷ್ಟು ಕಲಿಸಿರಿ. ಓಡುವುದಕ್ಕೆ ಹುಡುಗರು ನಸುಕಿನಲ್ಲಿ ತಾವೇ ಏಳುತ್ತಾರೆ. ಅವರನ್ನು ಓದಲು ಕೂಡ್ರಿಸುವುದು ನಿಮ್ಮ ಕೆಲಸ.