ಶಿಲೀಂಧ್ರನಾಶಕದ ಎರಡನೆಯ ಗುಣ



ಚರ್ಮರೋಗ ವೈದ್ಯರ ಈ ಸಮಾವೇಶದ ಅಧ್ಯಕ್ಷತೆ ನನಗೆ ಒಪ್ಪಿಸಿದ್ದೀರಿ. ಕೃತಜ್ಞತೆಯ ಮಾತನ್ನು ಅಷ್ಟಕ್ಕೇ ನಿಲ್ಲಿಸಿ ವಿಷಯಕ್ಕೆ ಬರುತ್ತೇನೆ.

ಹುಳುಕಡ್ಡಿಯ ರೋಗಿ ಇಂದು ನಮ್ಮಲ್ಲಿಗೆ ಬರಿಗೈಯಲ್ಲಿ ಬರುವುದು ಅಪರೂಪ. ಅಂಗಡಿಯಲ್ಲಿ ಕೇಳಿ ಕೊಂಡ ಟ್ಯೂಬೊಂದು ಜೊತೆಗಿರುತ್ತದೆ. ಅದರಲ್ಲಿ ಶಿಲೀಂಧ್ರನಾಶಕದ ಜೊತೆ ಆಂಟಿಬಯಾಟಿಕ್, ಮೇಲೆ ಕ್ಲೋಬೆಟಾಸಾಲ್‌ನಂಥ ಬಲವಾದ ಸ್ಟೀರಾಯ್ಡ್. ನಾಲ್ಕು ದಿನ ತುರಿಕೆ ಅಡಗುತ್ತದೆ. ಆಮೇಲೆ ಉಂಗುರ ಅಂಚು ಕಳೆದುಕೊಂಡು ಸೊಂಟದಿಂದ ತೊಡೆಗೆ, ತೊಡೆಯಿಂದ ಮನೆಮಂದಿಗೆಲ್ಲ ಹರಡುತ್ತದೆ. ತೊಡೆಸಂದಿಯಲ್ಲಿ ಬಿದ್ದ ಗೆರೆಗಳಂತೂ ಜೀವನಪೂರ್ತಿ ಉಳಿಯುತ್ತವೆ. ಈ ಬೆರಕೆಗೆ ಕೊಡುವ ಸಮರ್ಥನೆ ಒಂದೇ: ಉರಿಯೂತ ಇಳಿಯಬೇಕಾದರೆ ಸ್ಟೀರಾಯ್ಡ್ ಬೇಕು. ಈ ಸಮರ್ಥನೆ ದುರ್ಬಲ ಎಂಬುದೇ ಇಂದಿನ ನನ್ನ ವಾದ.

ಶಿಲೀಂಧ್ರನಾಶಕಕ್ಕೆ ಉರಿಯೂತ ತಗ್ಗಿಸುವ ಗುಣ ತನ್ನಷ್ಟಕ್ಕೇ ಇದೆ. ಕೀಟೊಕೊನಜೋಲ್ ಶಿಲೀಂಧ್ರದ ಎರ್ಗೊಸ್ಟೆರಾಲ್ ತಯಾರಿಕೆಯನ್ನು ತಡೆಯುವುದು ಎಲ್ಲರಿಗೂ ಗೊತ್ತು. ಅದು 5-ಲಿಪಾಕ್ಸಿಜಿನೇಸ್ ಕಿಣ್ವವನ್ನೂ ತಡೆದು ಲ್ಯೂಕೋಟ್ರೈನ್‌ಗಳನ್ನು ತಗ್ಗಿಸುತ್ತದೆ ಎಂಬುದು 1980ರ ದಶಕದಿಂದಲೇ ತಿಳಿದ ಸಂಗತಿ. ಸರ್ಟಕೊನಜೋಲ್‌ನ ದಾರಿ ಇನ್ನೂ ವಿಚಿತ್ರ. ಅದು ಕೆರಟಿನೋಸೈಟ್‌ಗಳಲ್ಲಿ ಪಿ38 ಮಾರ್ಗವನ್ನು ಎಚ್ಚರಿಸಿ ಪ್ರೊಸ್ಟಗ್ಲಾಂಡಿನ್ ಇ2 ಬಿಡುಗಡೆ ಮಾಡಿಸುತ್ತದೆ. ನಾವು ಉರಿಯೂತದ ಪಟ್ಟಿಗೆ ಸೇರಿಸಿಟ್ಟ ಆ ರಾಸಾಯನಿಕವೇ ಇಲ್ಲಿ ಸೈಟೊಕೈನ್‌ಗಳನ್ನು ಅಡಗಿಸುತ್ತದೆ.

ಉರಿಯೂತ ತಗ್ಗಿಸುವ ಇನ್ನೊಂದು ದಾರಿ ಆಂಟಿಆಕ್ಸಿಡೆಂಟ್ ಗುಣ; ಅದಕ್ಕೆ ಸೈಕ್ಲೊಪಿರಾಕ್ಸ್ ಒಳ್ಳೆಯ ಉದಾಹರಣೆ. ಇದು ಕಬ್ಬಿಣದ ಅಯಾನುಗಳನ್ನು ಹಿಡಿದಿಡುತ್ತದೆ. ಕಬ್ಬಿಣ ಕೈಗೆ ಸಿಗದಿದ್ದರೆ ಶಿಲೀಂಧ್ರದ ಕಿಣ್ವಗಳು ಸೊರಗುತ್ತವೆ. ಅದೇ ಹೊತ್ತಿಗೆ ನಮ್ಮ ಅಂಗಾಂಶದಲ್ಲಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಲು ಬೇಕಾದ ಸಾಮಗ್ರಿಯೂ ಕಡಿಮೆಯಾಗುತ್ತದೆ. ಮೈಕೊನಜೋಲ್ ಕ್ಯಾಂಡಿಡಾ ಕೋಶದೊಳಗೆ ಇಂಥ ರ‍್ಯಾಡಿಕಲ್‌ಗಳನ್ನು ಹೆಚ್ಚಿಸಿಯೇ ಅದನ್ನು ಕೊಲ್ಲುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ‘ಆಂಟಿಆಕ್ಸಿಡೆಂಟ್’ ಎಂದು ಎಲ್ಲ ಶಿಲೀಂಧ್ರನಾಶಕಗಳಿಗೂ ಒಂದೇ ಚೀಟಿ ಅಂಟಿಸಲು ಬರುವುದಿಲ್ಲ.

ಸಂದೇಹಿಗಳ ಪ್ರಶ್ನೆಯೊಂದಿದೆ, ಅದು ನ್ಯಾಯವಾದದ್ದೇ. ಸೆಬೋರಿಕ್ ಡರ್ಮಟೈಟಿಸ್‌ನಲ್ಲಿ ಮಲಸೀಜಿಯಾ ಶಿಲೀಂಧ್ರ ಕಡಿಮೆಯಾದರೆ, ಅದರ ಲೈಪೇಸ್ ಬಿಡಿಸುವ ಓಲಿಯಿಕ್ ಆಮ್ಲವೂ ಕಡಿಮೆಯಾಗಿ ಕೆಂಪು ತಾನಾಗಿ ಇಳಿಯುತ್ತದಲ್ಲ, ಔಷಧದ ಸ್ವಂತ ಗುಣ ಎಲ್ಲಿಂದ ಬಂತು? ಉತ್ತರಕ್ಕೆ ಶಿಲೀಂಧ್ರದ ಸೋಂಕೇ ಇಲ್ಲದ ಚರ್ಮ ಬೇಕು. 1990ರ ದಶಕದಲ್ಲಿ ಸಂಶೋಧಕರು ಆರೋಗ್ಯವಂತರ ಚರ್ಮದಲ್ಲಿ ನೇರಳಾತೀತ ಕಿರಣದಿಂದ ಕೆಂಪು ಎಬ್ಬಿಸಿ ಶಿಲೀಂಧ್ರನಾಶಕ ಹಚ್ಚಿ ನೋಡಿದರು. ನಾಫ್ಟಿಫಿನ್, ಟೆರ್ಬಿನಾಫಿನ್, ಸೈಕ್ಲೊಪಿರಾಕ್ಸ್ ಆ ಕೆಂಪನ್ನು ತಗ್ಗಿಸಿದವು. ನನ್ನ ದೃಷ್ಟಿಯಲ್ಲಿ ಇದು ಗಟ್ಟಿ ಸಾಕ್ಷ್ಯ, ಆದರೆ ಚಿಕ್ಕ ಸಾಕ್ಷ್ಯ. ಉಳಿದದ್ದರಲ್ಲಿ ಬಹುಪಾಲು ಪ್ರಯೋಗಾಲಯದ್ದು.

ಹಾಗಾಗಿ ಈ ಗುಣ ನಂಬಿ ಮಾತ್ರೆಗೆ ಕೈಹಾಕಬೇಡಿ. ಕೀಟೊಕೊನಜೋಲ್ ಮಾತ್ರೆ ಯಕೃತ್ತಿಗೆ ಏನು ಮಾಡುತ್ತದೆಂದು ತಿಳಿದೇ 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಅದರ ಮಾರಾಟ ನಿಲ್ಲಿಸಲು ಸೂಚಿಸಿದರು, ಅಮೆರಿಕದವರು ಬಳಕೆಯನ್ನು ಬಿಗಿಗೊಳಿಸಿದರು. ನಾನು ಹೇಳುತ್ತಿರುವುದು ಹಚ್ಚುವ ಔಷಧದ ಮಾತು.

ನಮ್ಮ ದೇಶದಲ್ಲಿ ಈ ಮಾತಿಗೆ ತುರ್ತಿದೆ. 2020ರಲ್ಲಿ ಹೆಸರು ಪಡೆದ ಟ್ರೈಕೊಫೈಟಾನ್ ಇಂಡೊಟಿನಿಯೆಯ ಅನೇಕ ತಳಿಗಳು ಸ್ಕ್ವಾಲೀನ್ ಎಪಾಕ್ಸಿಡೇಸ್ ಜೀನಿನ ರೂಪಾಂತರದಿಂದ ಟೆರ್ಬಿನಾಫಿನ್‌ಗೆ ಜಗ್ಗುತ್ತಿಲ್ಲ. ಅಂಥ ಶಿಲೀಂಧ್ರಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಅದನ್ನು ತಡೆಯುವ ದೇಹದ ಶಕ್ತಿಯನ್ನೂ ನಾವೇ ಕುಗ್ಗಿಸಿದಂತೆ. 2018ರಲ್ಲಿ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಾದ ಷೆಡ್ಯೂಲ್ ಎಚ್‌ಗೆ ಸೇರಿಸಿದ್ದಾಯಿತು. ಅಂಗಡಿಯ ಕಟ್ಟೆಯ ಮೇಲೆ ಅದರ ಪಾಲನೆ ಸಾಲದು.

ವಿದ್ಯಾರ್ಥಿಗಳೆ, ಮಹಾಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದನ್ನು ಎತ್ತಿಕೊಳ್ಳಿ: ಬರೀ ಶಿಲೀಂಧ್ರನಾಶಕ ಹಚ್ಚಿದವರಲ್ಲಿ ಮೊದಲ ವಾರ ತುರಿಕೆ, ಕೆಂಪು ಎಷ್ಟು ಇಳಿಯುತ್ತವೆ ಎಂದು ಅಳೆಯಿರಿ. ವೈದ್ಯ ಮಿತ್ರರೆ, ಕೆಒಎಚ್ ಪರೀಕ್ಷೆ ಮಾಡಿ, ಒಂದೇ ಔಷಧ ಬರೆಯಿರಿ, ತುರಿಕೆಗೆ ಬೇಕಾದರೆ ಆಂಟಿಹಿಸ್ಟಮಿನ್ ಕೊಡಿ. ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆತ ಟ್ಯೂಬನ್ನು ಇಂದಿನಿಂದ ಬರೆಯುವುದಿಲ್ಲವೆಂದು ಈ ಸಭೆಯಲ್ಲಿ ನಿರ್ಣಯ ಮಾಡೋಣವೆಂದು ನಿಮ್ಮೆಲ್ಲರನ್ನು ಕೇಳಿಕೊಳ್ಳುತ್ತೇನೆ.